ಆರು ತೂತಿನ ಕೆಂಪು ರಬ್ಬರು

ಡಿಪ್‌ಸ್ಟಿಕ್ ಎಳೆದು ಮೂಸಿದೆ.
ಆಯಿಲಿನಲ್ಲಿ ಪೆಟ್ರೋಲಿನ ವಾಸನೆ.
ಪಂಪ್ ಹೋಗಿದೆ ಅಂದೆ. ಲ್ಯಾನ್ಸಿ ನಂಬಲಿಲ್ಲ.
ಓಡ್ತಾ ಇತ್ತಲ್ಲ, ಮೊನ್ನೆ ಕೂಡ
ಆಲ್ದೂರಿಂದ ಚಿಕ್ಕಮಗಳೂರಿಗೆ ಒಂದೇ ಉಸಿರಲ್ಲಿ ಬಂತಲ್ಲ.

ಓಡ್ತಾ ಇತ್ತು, ಹೌದು.
ಒಳಗೆ ಹರಿದದ್ದು ಹೊರಗೆ ಕಾಣಲೇಬೇಕೆ?
ಒಂದು ಗುಟುಕು ಕಾರ್ಬುರೇಟರಿಗೆ,
ಒಂದು ಗುಟುಕು ಕೆಳಗೆ, ಎಣ್ಣೆಗೆ.
ಹೀಗೇ ಬಿಟ್ಟರೆ ನಾಳೆ ಬೇರಿಂಗು.

ಅರವತ್ತೆರಡನೇ ಇಸವಿಯ ಫಿಯೆಟ್ಟು, ಬಟಾಣಿ ಹಸಿರು.
ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವವರಿಗೆ
ಗಂಟೆಗಿಷ್ಟು ಅಂತ ಬಿಡುವ ಲೆಕ್ಕ ಲ್ಯಾನ್ಸಿಯದು.
ಕಾರು ಅವನ ದೊಡ್ಡಮ್ಮನದು.
ಸೆವ್ರಿನ್ ಸಿಸ್ಟರ್ ಅಂದರೆ
ಮಲ್ಲಂದೂರು ರಸ್ತೆಯ ಮುದುಕಿಯರು ಈಗಲೂ
ಅದು ಎಷ್ಟನೆಯ ಹೆರಿಗೆ ಎಂದು ಬೆರಳು ಮಡಚುತ್ತಾರೆ.

ಬ್ಯಾಟರಿ ತಂತಿ ಮೊದಲು ಬಿಚ್ಚು ಅಂದೆ ಜಬಿಗೆ.
ಬೀಡಿ ಆಚೆ ಬಿಸಾಕು.
ಟ್ಯಾಂಕಿನ ಪೈಪಿಗೆ ಮೋಟು ಪೆನ್ಸಿಲು ತುರುಕಿದ,
ಆದರೂ ಮೊಣಕೈವರೆಗೆ ಇಳಿಯಿತು, ತಣ್ಣಗೆ, ಆಮೇಲೆ ಉರಿ.
ಹದಿಮೂರರ ನಟ್ಟು ಎರಡು. ಹೊರಗಿನದು ಬಂತು.
ಒಳಗಿನದು ಕಣ್ಣಿಗಿಲ್ಲ, ಬೆರಳಿಗಷ್ಟೇ.
ಕಾಲು ಸುತ್ತು, ತೆಗಿ, ಮಗುಚಿ ಹಾಕು, ಕಾಲು ಸುತ್ತು.
ಗೆಣ್ಣಿನ ಚರ್ಮ ಎಂದಿನಂತೆ ಹೋಯಿತು.

ದಪ್ಪ ಪ್ಯಾಕಿಂಗು ಸೀಳಿತ್ತು.
ಹಳೇ ಕಾರಿನವರು ಏನಾದರೂ ಇಟ್ಟಿರುತ್ತಾರೆ ಎಂದು
ಸೀಟಿನಡಿ ತಡಕಿದೆ. ಪೌಡರಿನ ತಗಡು ಡಬ್ಬಿ.
ಎರಡು ಪ್ಲಗ್ಗು, ಪಾಯಿಂಟ್ ಸೆಟ್ಟು,
ಗಾಜು ಬಟ್ಟೆಯಲ್ಲಿ ಸುತ್ತಿದ ಒಂದು ಪ್ಯಾಕಿಂಗು,
ತಳದಲ್ಲಿ ಅಂಗೈಯಗಲ ಕೆಂಪು ರಬ್ಬರು.
ದುಂಡಗೆ. ಅಂಚಿಗೆ ಆರು ತೂತು, ನಡುವೆ ಒಂದು,
ಕೊರೆದದ್ದಲ್ಲ, ಕಾದ ಸೂಜಿಯಲ್ಲಿ ಸುಟ್ಟದ್ದು.
ಪೆಟ್ರೋಲು ಕುಡಿದು ಉಬ್ಬಿ
ಹಪ್ಪಳದ ಹಾಗೆ ಅಲೆಯೆದ್ದು ಒಣಗಿತ್ತು.

ಟ್ಯೂಬು ಅಂದ ಜಬಿ.
ಟ್ಯೂಬು ಕಪ್ಪು, ಮಾರಾಯ.
ಇದು ಆಸ್ಪತ್ರೆ ಮಂಚಕ್ಕೆ ಹಾಸುವ ಶೀಟು.
ನನ್ನ ಹೆಂಡತಿ ಎರಡು ಸಲ ಅದರ ಮೇಲೆ ಮಲಗಿದ್ದಳು,
ಬಾಗಿಲ ಸಂದಿಯಿಂದ ನೋಡಿದ ಬಣ್ಣ.

ಈ ರಬ್ಬರು ಪೆಟ್ರೋಲಿಗೆ ತಡೆಯುವುದು
ಹೆಚ್ಚೆಂದರೆ ಒಂದು ರಾತ್ರಿ.
ಹಾಗಾದರೆ ಆ ಒಂದು ರಾತ್ರಿ ಇತ್ತು.
ಯಾವ ಎಸ್ಟೇಟಿನ ಲೈನುಮನೆಯ ದಾರಿಯೋ,
ಬಾನೆಟ್ಟು ಎತ್ತಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ,
ಅತ್ತ ಯಾರೋ ನೋವು ತಿನ್ನುತ್ತಿರುವಾಗ
ಇತ್ತ ಯಾರೋ ಇದನ್ನು ಕತ್ತರಿಸಿದ್ದರು.

ಡ್ರೈವರ್ ಇದ್ದಿರಬೇಕು ಅಂದ ಲ್ಯಾನ್ಸಿ.
ಅಂಚನ್ನು ಬೆಳಕಿಗೆ ಹಿಡಿದೆ.
ಡ್ರೈವರ್ ಕತ್ತರಿಸಿದರೆ ಹಲ್ಲುಹಲ್ಲಾಗುತ್ತೆ,
ನಾನು ಕತ್ತರಿಸಿದರೂ ಅಷ್ಟೇ.
ಇದು ಎಲ್ಲೂ ನಿಂತು ಯೋಚಿಸದ ಕತ್ತರಿ,
ಹೊಕ್ಕುಳಬಳ್ಳಿಗೆ ಪಳಗಿದ ಕೈ.
ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಪುಣೆಯಿಂದ ಬಂದ ಹೊಸ ಪಂಪು
ಥರ್ಮೋಕೋಲಿನಲ್ಲಿ ಮದುಮಗನಂತೆ ಕೂತಿತ್ತು.
ಕ್ಯಾಮ್ ಕೆಳಗಿಳಿಯುವವರೆಗೆ ಇಂಜಿನ್ನು ಕೈಯಲ್ಲಿ ತಿರುಗಿಸಿದೆವು.
ಡಬ್ಬಿಯ ಪ್ಯಾಕಿಂಗನ್ನೇ ಹಾಕಿದೆ.
ದಪ್ಪ ಕಮ್ಮಿಯಾದರೆ ಕಡ್ಡಿ ಒದ್ದು ಮುರಿಯುತ್ತೆ,
ಜಾಸ್ತಿಯಾದರೆ ಎಳೆಯುವುದೇ ಇಲ್ಲ.
ಉಗುರಲ್ಲಿ ಅಳೆದೆ. ಸರಿಯಿತ್ತು.
ಸಿಸ್ಟರ್ ಅಳೆಯದೆ ಇಟ್ಟವರಲ್ಲ.
ಒಂದನ್ನೇ ಪೂರಾ ಬಿಗಿಯಬೇಡ ಜಬಿ,
ಅದಕ್ಕಿಷ್ಟು, ಇದಕ್ಕಿಷ್ಟು.

ಕೈ ಲಿವರ್ ಒತ್ತಿದ. ಹತ್ತು, ಇಪ್ಪತ್ತು, ಬರೀ ಗಾಳಿ.
ಆಮೇಲೆ ಬೆರಳಿಗೆ ಏನೋ ತೂಕ ಸಿಕ್ಕಿತು.
ಬಂತು ಅಂದ, ಪಿಸುಮಾತಲ್ಲಿ, ಯಾಕೋ.
ನಾಲ್ಕನೇ ಸೆಲ್ಫಿಗೆ ಹಿಡಿಯಿತು.
ಪಕ್ಕದ ಟೈರ್ ಅಂಗಡಿಯವರು ತಲೆ ಎತ್ತಿದರು.

ಆ ಡಬ್ಬಿ ಬೇಡ, ಬಿಸಾಕಿ ಅಂದ ಲ್ಯಾನ್ಸಿ.
ಹ್ಞೂಂ ಅಂದು ಸೀಟಿನಡಿಗೇ ತಳ್ಳಿದೆ.
ಬಿಲ್ಲು ಬರೆಯಲು ಕೂತೆ.
ಪಂಪು ಒಂದು.
ಆಯಿಲು ಮೂರೂವರೆ ಲೀಟರು.
ಪ್ಯಾಕಿಂಗು ಗಿರಾಕಿಯದೇ.
ಲೇಬರ್
ಎಂದು ಬರೆದು, ಮುಂದೆ ಎಷ್ಟು ಹಾಕಲಿ ತಿಳಿಯದೆ
ಕೈಗೆ ಹತ್ತಿದ ಪೆಟ್ರೋಲು ಆರುವವರೆಗೆ
ಪೆನ್ನು ಹಿಡಿದು ಕೂತೇ ಇದ್ದೆ.